ಗುಡ್ಡ ಹತ್ತುವ ಚೀಲದಲ್ಲಿ ಬಂದೂಕಿಗೆ ಜಾಗ ಇದೆಯಾ? ಕೊಪ್ಪಳ, ಬಳ್ಳಾರಿ ಗುಡ್ಡಗಳಿಗೆ ಹಗುರ ರಕ್ಷಣೆಯ ಸಮಗ್ರ ಮಾರ್ಗದರ್ಶಿ

ಅಕ್ಕನ ಮಗ ಬೆಂಗಳೂರಿನಿಂದ ಗಂಗಾವತಿಗೆ ಬಂದಿದ್ದ. ಹಿರೇಬೆಣಕಲ್ ಗುಡ್ಡ ಹತ್ತುವುದು, ಮರುದಿನ ದರೋಜಿ ಕರಡಿಧಾಮದ ಕಡೆ ಹೋಗಿಬರುವುದು ಅಂತ ಅವನ ಪ್ಲ್ಯಾನು. ಚೀಲ ತುಂಬುತ್ತಾ ಕೂತವನು ಇದ್ದಕ್ಕಿದ್ದಂತೆ ಕೇಳಿದ: “ಮಾಮಾ, ಅಲ್ಲಿ ಕರಡಿ, ಚಿರತೆ ಎಲ್ಲಾ ಇದಾವಂತಲ್ಲ. ಚೀಲದಲ್ಲಿ ಹಿಡಿಯೋ ಅಂಥ ಸಣ್ಣ ಗನ್ನು ಯಾವುದು ಒಳ್ಳೇದು?”

ನಕ್ಕುಬಿಟ್ಟೆ. ಹುಡುಗ ಫೋನಿನಲ್ಲಿ ಅಮೆರಿಕದವರ ವಿಡಿಯೋ ಜಾಸ್ತಿ ನೋಡಿದ್ದಾನೆ ಅಂತ ಗೊತ್ತಾಯಿತು. ಆದರೆ ಪ್ರಶ್ನೆ ಕೆಟ್ಟದ್ದಲ್ಲ. ಮೊದಲ ಸಲ ಈ ಬಂಡೆಗಳ ನಡುವೆ ಕಾಲಿಡುವ ಯಾರಿಗಾದರೂ ಬರುವಂಥದ್ದೇ. ಅವತ್ತು ರಾತ್ರಿ ಅಡುಗೆಮನೆಯ ತಕ್ಕಡಿ ಹೊರಗೆ ತಂದು, ಒಂದೊಂದನ್ನೇ ತೂಗಿ ಚೀಲ ಕಟ್ಟಿದೆವು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಂದೂಕಿನ ಲೆಕ್ಕವನ್ನೇ ಮುಗಿಸೋಣ

ಅಮೆರಿಕದಲ್ಲಿ ಚೀಲಕ್ಕೆ ಹಾಕುವ ಹಗುರ ಬಂದೂಕು ಅಂದರೆ ಹೆಚ್ಚಿನವರ ಬಾಯಲ್ಲಿ ಬರುವುದು ಎಆರ್-7. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಮಾಡಿದ ವಿನ್ಯಾಸ ಅದು. .22 ರೈಫಲ್, ಅಂದರೆ ನಳಿಕೆಯ ಬೋರು (ಒಳ ಅಗಲ) ಸುಮಾರು 0.22 ಇಂಚು. ನಳಿಕೆ, ಯಂತ್ರದ ಭಾಗ, ಗುಂಡು ತುಂಬುವ ಮ್ಯಾಗಜಿನ್ ಎಲ್ಲ ಬಿಚ್ಚಿ ಅದರದೇ ಹಿಂದಿನ ಹಿಡಿಯೊಳಗೆ ತುಂಬಿಡಬಹುದು. ತೂಕ ಸುಮಾರು 1.6 ಕೆ.ಜಿ. ವಿಮಾನ ಬಿದ್ದು ಕಾಡಿನಲ್ಲಿ ಸಿಕ್ಕಿಕೊಂಡ ಪೈಲಟ್ ಮೊಲವೋ ಹಕ್ಕಿಯೋ ಹೊಡೆದು ತಿನ್ನಲಿ ಅಂತ ಹುಟ್ಟಿದ ಬಂದೂಕುಗಳ ಮನೆತನದ್ದು ಇದು. ಇನ್ನೊಂದು, 2012ರಲ್ಲಿ ಬಂದ ರೂಗರ್ 10/22 ಟೇಕ್‌ಡೌನ್. ಎರಡು ತುಂಡಾಗಿ ಬಿಚ್ಚಬಹುದು, ಎರಡು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ.

ನಮ್ಮಲ್ಲೂ ಹಗುರದ್ದು ಇಲ್ಲ ಅಂತಲ್ಲ. ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ಇತ್ತು. ಕೈಚೀಲದಲ್ಲಿ ಇಟ್ಟುಕೊಳ್ಳಲಿ ಅಂತ ಮಾಡಿದ್ದು. .32 ಬೋರು.

ಈಗ ನೋಡಿ, .22 ಗುಂಡಿನ ತಲೆ ಸಾಮಾನ್ಯವಾಗಿ 2.6 ಗ್ರಾಂ. ಅದು ಮೊಲಕ್ಕೆ ಸರಿ. ಗಂಡು ಕರಡಿ ಒಂದು ಕ್ವಿಂಟಾಲಿನ ಆಸುಪಾಸು ತೂಗುತ್ತದೆ, ಮೈತುಂಬ ಒರಟು ಜಡೆಗೂದಲು. ಅದು ಬಂಡೆ ಸಂದಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಎದ್ದುಬಂದಾಗ ನಿಮ್ಮ ಬಂದೂಕು ನಾಲ್ಕು ತುಂಡಾಗಿ ಚೀಲದ ತಳದಲ್ಲಿ ಇರುತ್ತದೆ. ಕೈಯಲ್ಲೇ ಇತ್ತು ಅಂದುಕೊಳ್ಳಿ. ಆಗಲೂ ಗಾಯವಾದ ಕರಡಿ ಮೊದಲಿಗಿಂತ ಕೆಟ್ಟದ್ದು. ಹೊಟ್ಟೆಪಾಡಿಗೆ ಬೇಟೆ ಅನ್ನುವ ಮಾತೂ ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಗುಡ್ಡದಲ್ಲಿ ನೀವು ಎಷ್ಟೇ ದಾರಿ ತಪ್ಪಿದರೂ ಅರ್ಧ ದಿನ ಇಳಿದರೆ ಭತ್ತದ ಗದ್ದೆಯೋ, ಹೊಲವೋ, ಕುರಿಹಟ್ಟಿಯೋ ಸಿಗುತ್ತದೆ. ಹಸಿವಿನಿಂದ ಯಾರೂ ಸಾಯುವುದಿಲ್ಲ. ಬಾಯಾರಿಕೆ ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದ ಅಲಾಸ್ಕಾದ ಮಾತು ಕೇಳಿ. ಅಲ್ಲಿ ಬಂದೂಕು ಹಿಡಿದು ಓಡಾಡುವುದು ಮಾಮೂಲು. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತವರ ಜೊತೆಗಾರರು ಅಲ್ಲಿನ ಕರಡಿ ಘಟನೆಗಳನ್ನು ಒಟ್ಟುಹಾಕಿ ನೋಡಿದರು. 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇದ್ದವರ ಪೈಕಿ ಅದನ್ನು ಬಳಸಿದವರಿಗೂ ಬಳಸದವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2008ರ ಇನ್ನೊಂದು ಅಧ್ಯಯನದಲ್ಲಿ ಖಾರದ ಸ್ಪ್ರೇ ಹಿಡಿದವರಲ್ಲಿ 98 ಶೇಕಡಾ ಮಂದಿ ಗಾಯವಿಲ್ಲದೆ ಹೊರಬಂದಿದ್ದರು. ಅವು ಬೇರೆ ಜಾತಿಯ ಕರಡಿಗಳು, ಸರಿ. ಆದರೂ ಬಂದೂಕಿದ್ದರೆ ಧೈರ್ಯ ಅನ್ನುವ ಮಾತನ್ನು ನಾನು ನಂಬುವುದು ಬಿಟ್ಟಿದ್ದು ಆ ಅಂಕಿ ನೋಡಿದ ಮೇಲೆ.

ಕಾಯ್ದೆ ಏನು ಹೇಳುತ್ತದೆ

ಇದನ್ನು ಓದದೆ ಮುಂದೆ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಒಂದು ಹಳೆಯ ವಿನಾಯಿತಿ ಇದೆ, ನಮ್ಮ ಕಡೆಯವರಿಗೆ ಇಲ್ಲ. ಬೆಳೆ ಕಾಯಲು ಲೈಸೆನ್ಸ್ ತೆಗೆದ ರೈತರು ನಮ್ಮಲ್ಲಿದ್ದಾರೆ. ಚುನಾವಣೆ ಬಂದರೆ ಅವರೂ ಬಂದೂಕನ್ನು ಠಾಣೆಗೆ ಕೊಟ್ಟು ಬರಬೇಕಾಗುತ್ತದೆ. ಟ್ರೆಕ್ಕಿಂಗಿಗೆ ಹೋಗ್ತೀನಿ, ಲೈಸೆನ್ಸ್ ಕೊಡಿ ಅಂತ ಡಿಸಿ ಕಚೇರಿಗೆ ಹೋದರೆ ಚಹಾ ಕೂಡ ಸಿಗುವುದಿಲ್ಲ.

ಲೈಸೆನ್ಸ್ ಇದೆ ಅಂತಲೇ ಇಟ್ಟುಕೊಳ್ಳಿ. ಆಗ ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 31ನೇ ಕಲಂ ಪ್ರಕಾರ ಮುಂಚಿತವಾಗಿ ಬರಹದಲ್ಲಿ ಅನುಮತಿ ಇಲ್ಲದೆ ಯಾವ ಆಯುಧವನ್ನೂ ವನ್ಯಜೀವಿ ಧಾಮದೊಳಗೆ ಒಯ್ಯುವಂತಿಲ್ಲ. ‘ಆಯುಧ’ ಅಂದರೆ ಬಂದೂಕು ಮಾತ್ರ ಅಂದುಕೊಂಡವರೇ ಹೆಚ್ಚು. ಅದೇ ಕಾಯ್ದೆಯ ಅರ್ಥವಿವರಣೆಯಲ್ಲಿ ಬಿಲ್ಲು ಬಾಣ, ಬಲೆ, ಕೊಕ್ಕೆ, ಉರುಳು, ಚಾಕು ಎಲ್ಲ ಇವೆ. ಹೌದು, ಚಾಕು! ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಾಧನವಾದರೂ ಅದರಲ್ಲಿ ಬರುತ್ತದೆ.

ಏರ್‌ಗನ್ ಕಥೆಯೂ ಇದೇ. .177 ಬೋರಿನ, ಹೊಡೆತದ ಶಕ್ತಿ 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅಂತ ಅಂಗಡಿಯವರು ಹೇಳುತ್ತಾರೆ, ಅದು ನಿಜ. ಆದರೆ ಲೈಸೆನ್ಸ್ ಬೇಡದ್ದು ಮನೆಯ ಹಿತ್ತಲಲ್ಲಿ ಡಬ್ಬಿಗೆ ಗುರಿ ಇಡಲು. ಧಾಮದ ಗೇಟಿನಲ್ಲಿ ಅದೂ ಆಯುಧವೇ. ನನ್ನ ಗೆಳೆಯನೊಬ್ಬ ಅದನ್ನು ಬೈಕಿಗೆ ಕಟ್ಟಿಕೊಂಡು ಬಂದು, ಗಾರ್ಡ್ ಮುಂದೆ ಎರಡು ತಾಸು ನಿಂತು, ಬರೆದುಕೊಟ್ಟು, ವಾಪಸ್ ಹೋದ. ಆ ದಿನ ನಾವು ಕರಡಿ ನೋಡಲಿಲ್ಲ, ಗಾರ್ಡನ್ನು ಮಾತ್ರ ಚೆನ್ನಾಗಿ ನೋಡಿದೆವು.

ಎಲ್ಲಕ್ಕಿಂತ ಮುಖ್ಯ 11ನೇ ಕಲಂ. ಪ್ರಾಣ ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಕಾಡುಪ್ರಾಣಿಯನ್ನು ಗಾಯಗೊಳಿಸಿದರೆ, ಕೊಂದರೂ ಕೂಡ, ಅದು ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ನೀವೇ ಆ ಕಾಯ್ದೆ ಮುರಿಯುತ್ತಾ ನಿಂತಿರಬಾರದು. ಅಂದರೆ ಅನುಮತಿ ಇಲ್ಲದ ಬಂದೂಕನ್ನು ಧಾಮಕ್ಕೆ ಒಯ್ದವನಿಗೆ ಆ ರಕ್ಷಣೆಯೇ ಕೈತಪ್ಪುತ್ತದೆ. ಕರಡಿ, ಚಿರತೆ ಎರಡೂ ಆ ಕಾಯ್ದೆಯ 1ನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ, ಶಿಕ್ಷೆ ದೊಡ್ಡದೇ.

ಅಕ್ಕನ ಮಗ ಇಷ್ಟು ಕೇಳಿ ಸುಮ್ಮನಾದ. ಆಮೇಲೆ, “ಹಾಗಾದ್ರೆ ಆ ಎರಡು ಕೆ.ಜಿ. ಜಾಗದಲ್ಲಿ ಏನಿಡೋಣ?” ಅಂದ. ಅಲ್ಲಿಂದ ನಿಜವಾದ ಕೆಲಸ ಶುರು.

ಹಂತ 1: ಎರಡು ಕೆ.ಜಿ. ಅಂದರೆ ಎರಡು ಲೀಟರ್ ನೀರು

ರೈಫಲ್ 1.6 ಕೆ.ಜಿ., ಜೊತೆಗೆ ನೂರು ಗುಂಡು ಸೇರಿಸಿದರೆ ಹೆಚ್ಚುಕಡಿಮೆ 2 ಕೆ.ಜಿ. ಅದೇ ತೂಕಕ್ಕೆ ಎರಡು ಲೀಟರ್ ನೀರು ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಕಲ್ಲುಬಂಡೆ ಬೆಳಿಗ್ಗೆಯಿಂದ ಕುಡಿದ ಬಿಸಿಲನ್ನು ಮಧ್ಯಾಹ್ನ ನಿಮ್ಮ ಮುಖಕ್ಕೆ ವಾಪಸ್ ಉಗುಳುತ್ತದೆ.

ಒಂದು ಏಪ್ರಿಲ್‌ನಲ್ಲಿ ನಾನೇ ಒಂದೂವರೆ ಲೀಟರ್ ಹಿಡಿದು ಹಿರೇಬೆಣಕಲ್ ಹತ್ತಿದ್ದೆ. ಗಂಗಾವತಿಯಿಂದ ಹತ್ತು ಕಿಲೋಮೀಟರ್, ಕಣ್ಣಿಗೆ ಕಾಣುವ ಗುಡ್ಡ, ಅದೇನು ಮಹಾ ಅಂತ. ಮೇಲೆ ನೂರಾರು ಕಲ್ಲಿನ ಗೋರಿಗಳು, ಜನ ‘ಮೊರೇರ ಮನೆ’ ಅನ್ನುತ್ತಾರೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ನೋಡುತ್ತಾ ನೋಡುತ್ತಾ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಇಳಿಯುವಾಗ ನೀರು ಮುಗಿದಿತ್ತು. ತಲೆನೋವು, ಕಾಲಿನ ಮೀನಖಂಡ ಹಿಡಿದುಕೊಂಡಿತು, ಬೆವರು ನಿಂತಂತೆ ಅನಿಸಿತು. ಒಬ್ಬ ಕುರಿ ಕಾಯುವ ಯಜಮಾನರು ತಮ್ಮ ಬಾಟಲಿ ಕೊಡದಿದ್ದರೆ ಈ ಬರಹ ಬೇರೆ ಯಾರೋ ಬರೆಯಬೇಕಿತ್ತು.

ಅರ್ಧ ದಿನದ ನಡಿಗೆಗೆ ಒಬ್ಬರಿಗೆ ಮೂರು ಲೀಟರ್, ಬೇಸಿಗೆಯಲ್ಲಿ ನಾಲ್ಕು. ಎರಡು ಓಆರ್‌ಎಸ್ ಪ್ಯಾಕೆಟ್ ಇರಲಿ. ಗುಡ್ಡದ ಮೇಲಿನ ಹೊಂಡದ ನೀರನ್ನು ಹಾಗೇ ಕುಡಿಯಬೇಡಿ. ಅರ್ಧ ನೀರು ಮುಗಿದರೆ ವಾಪಸ್ ತಿರುಗುವುದು, ತುದಿ ಎಷ್ಟೇ ಹತ್ತಿರ ಇರಲಿ. ತಲೆಸುತ್ತು, ಮಾತು ತೊದಲುವುದು ಕಂಡರೆ ನೆರಳಿಗೆ ಕರೆತಂದು, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಊಟದ ಬಗ್ಗೆ ಹೇಳುವುದೇನಿದೆ, ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ನಾಲ್ಕು ಶೇಂಗಾ ಉಂಡೆ. ಹಗುರ, ಕೆಡುವುದಿಲ್ಲ.

ಹಂತ 2: ಕೋಲು

ನನ್ನ ಲೆಕ್ಕದಲ್ಲಿ ಬಂದೂಕಿನ ಜಾಗಕ್ಕೆ ನಿಜವಾಗಿ ಬರುವುದು ಕೋಲು. ಗಟ್ಟಿ ಬಿದಿರು, ಕಂಕುಳಿನ ಎತ್ತರ, ಹಿಡಿಯುವ ಕಡೆ ಹೆಬ್ಬೆರಳು ದಪ್ಪಕ್ಕಿಂತ ಸ್ವಲ್ಪ ಜಾಸ್ತಿ. ಅರ್ಧ ಕೆ.ಜಿ. ಆಸುಪಾಸು. ತುದಿಗೆ ಕಬ್ಬಿಣದ ಬಳೆ ಹಾಕಿಸಿದರೆ ಬಂಡೆಗೆ ಕುಟ್ಟಿದಾಗ ಟಣ್ ಅನ್ನುತ್ತದೆ. ಆ ಸದ್ದೇ ಅದರ ಅರ್ಧ ಬೆಲೆ.

ಕೋಲಿನಿಂದ ಹೊಡೆಯಲು ಹೋಗಬೇಡಿ. ಹೆಜ್ಜೆ ಇಡುವ ಮುಂಚೆ ಹುಲ್ಲು ಸರಿಸಲು, ಬಂಡೆ ಮರೆಗೆ ಕುಟ್ಟಿ ನಮ್ಮ ಬರವು ತಿಳಿಸಲು, ಇಳಿಜಾರಿನಲ್ಲಿ ಮೂರನೇ ಕಾಲಾಗಲು ಅದು ಬೇಕು. ಬಳ್ಳಾರಿ ಜಾಲಿಯ ಮುಳ್ಳುಕೊಂಬೆ ದಾರಿಗೆ ಅಡ್ಡ ಬಾಗಿರುತ್ತದಲ್ಲ, ಅದನ್ನು ಎತ್ತಿಹಿಡಿಯಲೂ ಬೇಕು. ಆ ಮುಳ್ಳು ತೆಳು ಸೋಲಿನ ಶೂ ತೂರಿ ಬರುತ್ತದೆ, ದಪ್ಪ ಅಟ್ಟೆಯದ್ದೇ ಹಾಕಿ. ಒಂದು ಚಿಮಟವೂ ಜೊತೆಗಿರಲಿ.

ಹಂತ 3: ಸದ್ದು

ನೀರು ಕೊಟ್ಟ ಆ ಯಜಮಾನರನ್ನು ಅವತ್ತು ಕೇಳಿದ್ದೆ, ಕರಡಿ ಇರುವ ಜಾಗದಲ್ಲಿ ಬರಿಗೈಲಿ ಹೇಗೆ ತಿರುಗುತ್ತೀರಿ ಅಂತ. “ಬಂದೂಕ ಯಾಕ ಬೇಕೋ ತಮ್ಮಾ, ಬಾಯಿ ಐತಲ್ಲ” ಅಂದರು.

ಕರಡಿಯ ಮೂಗು ಚುರುಕು. ಆದರೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಗೆದ್ದಲು ಹುತ್ತ ಕೆದರಿ ಹೀರುತ್ತಾ ನಿಂತಿತೆಂದರೆ ಅದರದೇ ಗದ್ದಲದಲ್ಲಿ ನಿಮ್ಮ ಹೆಜ್ಜೆ ಕೇಳುವುದಿಲ್ಲ. ನೀವು ತೀರಾ ಹತ್ತಿರ ಬಂದ ಮೇಲೆ ಗೊತ್ತಾಗಿ ಗಾಬರಿಯಿಂದ ಮೈಮೇಲೆ ಬೀಳುತ್ತದೆ. ಹೆಚ್ಚಿನ ದಾಳಿ ಆಗುವುದೇ ಹೀಗೆ. ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿಯಾದರೆ ಇನ್ನೂ ಕಷ್ಟ. ಅದಕ್ಕೇ ಜೋರಾಗಿ ಮಾತಾಡುತ್ತಾ ನಡೆಯಿರಿ. ಕಿವಿಗೆ ಇಯರ್‌ಫೋನ್ ಬೇಡ. ಹತ್ತು ಗ್ರಾಮಿನ ಒಂದು ಸೀಟಿ ಕೊರಳಲ್ಲಿ ತೂಗುತ್ತಿರಲಿ. ಅದು ಪ್ರಾಣಿಗಿಂತ ಜಾಸ್ತಿ ಮನುಷ್ಯರಿಗೆ: ದಾರಿ ತಪ್ಪಿದಾಗ, ಕಾಲು ಉಳುಕಿದಾಗ ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದುವುದು.

ಕೆಲವರು ಚೀಲಕ್ಕೆ ಮೇಕೆ ಗಂಟೆ ಕಟ್ಟಿಕೊಂಡು ಬರುತ್ತಾರೆ. ಕರಡಿಗೆ ಅದು ಸರಿ ಇರಬಹುದು. ಚಿರತೆ ಇರುವ ಗುಡ್ಡದಲ್ಲಿ ಮೇಕೆಯಂತೆ ಸದ್ದು ಮಾಡುತ್ತಾ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಪಟಾಕಿ ಬೇಡವೇ ಬೇಡ. ಧಾಮದಲ್ಲಿ ಸಿಡಿಮದ್ದಿಗೂ ಅವಕಾಶವಿಲ್ಲ, ಬೆಂಕಿಗೂ ಇಲ್ಲ. ಫೆಬ್ರುವರಿ ದಾಟಿದ ಮೇಲೆ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು.

ಹಂತ 4: ಬ್ಯಾಟ್ರಿ ಮತ್ತು ಹೊತ್ತು

ಹಣೆಗೆ ಕಟ್ಟುವ ಟಾರ್ಚು ನೂರು ಗ್ರಾಂ ಒಳಗೆ ಸಿಗುತ್ತದೆ. ಬೇಗ ಇಳಿಯುತ್ತೇವೆ ಅಂತ ಮನೆಯಲ್ಲೇ ಬಿಡಬೇಡಿ. ಫೋನಿನ ಲೈಟನ್ನು ನಂಬಿದರೆ ದಾರಿಯೂ ಹೋಗುತ್ತದೆ, ಫೋನೂ ಹೋಗುತ್ತದೆ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಬಂಡೆಗಳ ನಡುವೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ.

ಕರಡಿ ತಿರುಗುವುದು ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ. ಹಗಲು ಬಂಡೆ ಸಂದಿ, ಗವಿಗಳ ತಂಪಿನಲ್ಲಿ ಮಲಗುತ್ತದೆ. ಆದ್ದರಿಂದ ಚೆನ್ನಾಗಿ ಬೆಳಕಾದ ಮೇಲೆ ಹೊರಡಿ, ಸೂರ್ಯ ಮುಳುಗುವ ಎರಡು ತಾಸು ಮುಂಚೆ ಕೆಳಗಿರಿ. ಮಧ್ಯಾಹ್ನ ನೆರಳು ಬೇಕು ಅಂತ ಕಂಡ ಗವಿಯೊಳಗೆ ನುಗ್ಗಬೇಡಿ. ಆ ನೆರಳನ್ನು ಬೇರೆ ಯಾರೋ ಆಗಲೇ ಹಿಡಿದಿರಬಹುದು.

ಹಂತ 5: ಖಾರದ ಸ್ಪ್ರೇ ಬೇಕಾ?

ಅಮೆರಿಕದ ಕರಡಿ ಸ್ಪ್ರೇ ದೊಡ್ಡ ಡಬ್ಬಿ, ಏಳೆಂಟು ಮೀಟರ್ ದೂರಕ್ಕೆ ಮೋಡದಂತೆ ಹರಡುತ್ತದೆ. ನಮ್ಮ ಅಂಗಡಿಯಲ್ಲಿ ಸಿಗುವ ಪುಟ್ಟ ಪೆಪ್ಪರ್ ಸ್ಪ್ರೇ ಮನುಷ್ಯರ ಮೇಲೆ ಬಳಸಲು ಮಾಡಿದ್ದು, ತೆಳು ಧಾರೆ, ಕಡಿಮೆ ದೂರ. ಗಾಳಿ ಎದುರಿದ್ದರೆ ನಿಮ್ಮ ಕಣ್ಣೇ ಉರಿಯುತ್ತದೆ. ಧಾಮದೊಳಗೆ ಒಯ್ಯುವ ಮುಂಚೆ ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ಕೇಳಿ. ನಾನು ಒಯ್ಯುವುದಿಲ್ಲ.

ಹಂತ 6: ಎದುರಾದರೆ ಏನು ಮಾಡುವುದು

ಇದನ್ನು ಮನೆಯಲ್ಲೇ ಬಾಯಿಪಾಠ ಮಾಡಿ. ಒಂದೊಂದಕ್ಕೆ ಒಂದೊಂದು ಉತ್ತರ. ಅದಲು ಬದಲಾದರೆ ಪ್ರಾಣಕ್ಕೇ ಬರುತ್ತದೆ.

ಕರಡಿ ದೂರದಲ್ಲಿ ಕಂಡರೆ ನಿಂತುಬಿಡಿ. ಮೆಲ್ಲಗೆ ಮಾತಾಡುತ್ತಾ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಓಡಬೇಡಿ, ಅದು ನಿಮಗಿಂತ ಜೋರು. ಮರ ಹತ್ತಬೇಡಿ, ಅದೂ ಹತ್ತುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ ಒತ್ತಿ, ಕೈಗಳನ್ನು ಕತ್ತಿನ ಹಿಂದೆ ಕಟ್ಟಿಕೊಳ್ಳಿ. ಬೆನ್ನಿನ ಚೀಲ ತೆಗೆಯಬೇಡಿ. ಕರಡಿ ಹಿಡಿಯುವುದು ಹೆಚ್ಚಾಗಿ ಮುಖ, ತಲೆ. ಅದು ಹೋದಂತೆ ಅನಿಸಿದ ಮೇಲೂ ತಕ್ಷಣ ಏಳಬೇಡಿ.

ಚಿರತೆಗೆ ಉಲ್ಟಾ. ಕೂರಬೇಡಿ, ಬಗ್ಗಬೇಡಿ. ಎದ್ದು ನಿಂತು, ಕೋಲು ಎತ್ತಿ, ಟವೆಲ್ ಬಿಚ್ಚಿ ದೊಡ್ಡವರಾಗಿ ಕಾಣಿ, ಕೂಗಾಡಿ, ಬೆನ್ನು ತೋರಿಸದೆ ಹಿಂದಕ್ಕೆ ಸರಿಯಿರಿ. ಮಕ್ಕಳನ್ನು ಎತ್ತಿಕೊಳ್ಳಿ.

ಹೆಜ್ಜೇನು ಎದ್ದರೆ ಮಾತ್ರ ಓಡಿ. ನಿಂತು ಕೈ ಬೀಸಿದಷ್ಟೂ ಜಾಸ್ತಿ ಕಚ್ಚುತ್ತವೆ. ತಲೆ ಮುಖಕ್ಕೆ ಟವೆಲ್ ಸುತ್ತಿ, ಕಾಲು ಎಲ್ಲಿಡುತ್ತೀರಿ ಅಂತ ನೋಡುತ್ತಾ ದೂರ ಹೋಗಿ. ನನ್ನ ಪ್ರಕಾರ ಆನೆಗೊಂದಿ ಸುತ್ತಿನ ಬಂಡೆಗಳಲ್ಲಿ ಕರಡಿಗಿಂತ ಇದೇ ಹೆಚ್ಚು ಅಪಾಯ. ದೊಡ್ಡ ಬಂಡೆಯ ಚಾಚಿನಲ್ಲಿ ಕಪ್ಪು ಜಮಖಾನೆಯಂತೆ ನೇತಾಡುವುದು ಕಂಡರೆ ದಾರಿ ಬದಲಿಸಿ. ಅತ್ತರು ಹಚ್ಚಬೇಡಿ, ಹೊಗೆ ಎಬ್ಬಿಸಬೇಡಿ. ಚುಚ್ಚಿದ ಮುಳ್ಳನ್ನು ಉಗುರಿನಿಂದಲಾದರೂ ಸರಿ, ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆ.

ಹಾವು ಕಚ್ಚಿದರೆ ಓಡಬೇಡಿ. ಇಲ್ಲಿ ನಾಗರಹಾವು, ಕೊಳಕುಮಂಡಲ ಇವೆ. ಕಲ್ಲು ನೆಲದಲ್ಲಿ ಸಣ್ಣ ಗಾತ್ರದ ಗರಗಸ ಮಂಡಲವೂ ಇದೆ. ಯಾವುದು ಕಚ್ಚಿತು ಅಂತ ಹುಡುಕಿ ಕೊಲ್ಲಲು ಹೋಗಬೇಡಿ, ಎರಡನೇ ಸಲ ಕಚ್ಚಿಸಿಕೊಳ್ಳುತ್ತೀರಿ. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ಇವಕ್ಕೂ ಕಟ್ಟಹಾವಿಗೂ ಸೇರಿ ಒಂದೇ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ. ಕೋಲು, ಟವೆಲ್ ಬಳಸಿ ಕಚ್ಚಿದ ಕೈಕಾಲು ಅಲುಗದಂತೆ ಕಟ್ಟಿ, ಎತ್ತಿಕೊಂಡು ಇಳಿಯಿರಿ. ಮಂತ್ರ, ನಾಟಿ ಔಷಧಿ ಅಂತ ದಾರಿಯಲ್ಲಿ ನಿಲ್ಲಬೇಡಿ, ಜಿಲ್ಲಾ ಆಸ್ಪತ್ರೆಗೇ ನಡೆಯಿರಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

ಯಾವುದೇ ಕಾಡುಪ್ರಾಣಿ ಕಚ್ಚಿದರೂ ಪರಚಿದರೂ, ರಕ್ತ ಜೋರಾಗಿ ಹರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆಯಿಂದ ಒತ್ತಿಹಿಡಿಯಿರಿ. ಇಲ್ಲದಿದ್ದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ರೇಬಿಸ್, ಧನುರ್ವಾಯು ಎರಡಕ್ಕೂ ಚುಚ್ಚುಮದ್ದು ಬೇಕಾಗುತ್ತದೆ.

ನದಿ ಬಗ್ಗೆ ಒಂದೇ ಮಾತು. ತುಂಗಭದ್ರೆಯಲ್ಲೂ ರಾಯಚೂರಿನ ಕೃಷ್ಣೆಯಲ್ಲೂ ಮೊಸಳೆ ಇವೆ. ದಣಿವಾಯಿತು ಅಂತ ಇಳಿಯಬೇಡಿ.

ಹಂತ 7: ಹೊರಡುವ ಮುಂಚೆ

ಧಾಮ, ಮೀಸಲು ಅರಣ್ಯ ಯಾವುದೇ ಇರಲಿ, ಅರಣ್ಯ ಇಲಾಖೆ ಅನುಮತಿ ಬೇಕು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ನಡೆದಾಡುವಂತಿಲ್ಲ. ವೀಕ್ಷಣಾ ಗೋಪುರದಿಂದ ನೋಡಬೇಕು. ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗೆ ಬೆಲ್ಲ, ಜೇನಿನ ಪಾಕ ಸವರುತ್ತಾರೆ, ಸಂಜೆಗೆ ಕರಡಿ ನೆಕ್ಕಲು ಬರುತ್ತವೆ. ಕರಡಿ ನೋಡುವ ಆಸೆ ಇದ್ದರೆ ಅದೇ ಸರಿಯಾದ ಜಾಗ, ಗುಡ್ಡದ ಸಂದಿಯಲ್ಲ.

ಒಬ್ಬರೇ ಹೋಗಬೇಡಿ. ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ, ಕೂಲಿ ಚೌಕಾಸಿ ಮಾಡಬೇಡಿ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಮೆಸೇಜ್ ಹಾಕಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112. ಫೋನಿನಲ್ಲಿ ಅಲ್ಲ, ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗಿನ ಮಳೆ ಬರುತ್ತದೆ. ಮೋಡ ಕಪ್ಪಾದರೆ ತುದಿಬಂಡೆಯಿಂದ ಇಳಿದುಬಿಡಿ. ಒದ್ದೆ ಕಲ್ಲು ಸೋಪಿನಂತೆ ಜಾರುತ್ತದೆ.

ಅವತ್ತು ರಾತ್ರಿ ಕೊನೆಗೆ ತಕ್ಕಡಿಗೆ ಬಂದದ್ದು ಇಷ್ಟು: ಒಬ್ಬೊಬ್ಬರಿಗೆ ನೀರು 3 ಕೆ.ಜಿ., ಟಾರ್ಚು, ಸೀಟಿ, ಪವರ್‌ಬ್ಯಾಂಕ್, ಬ್ಯಾಂಡೇಜು, ಚಿಮಟ, ಸೋಪು, ಎರಡು ಟವೆಲ್, ಬುತ್ತಿ. ಎಲ್ಲ ಸೇರಿ ಐದು ಕೆ.ಜಿ. ಒಳಗೆ. ಕೋಲು ಕೈಯಲ್ಲಿ. ಅಕ್ಕನ ಮಗ ಒಂದು ಮಡಚುವ ಚಾಕು ತಂದಿದ್ದ. ಮರುದಿನ ದರೋಜಿಗೆ ಹೋಗುವಾಗ ತಾನೇ ತೆಗೆದು ಅಕ್ಕನ ಅಡುಗೆಮನೆಯ ಡಬ್ಬಿಗೆ ಹಾಕಿದ. ಈಗ ಅದರಲ್ಲಿ ಬದನೆಕಾಯಿ ಹೆಚ್ಚುತ್ತಾರೆ.